ಮೂರು ಹೊಲಿಗೆ

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಲಾಂಡ್ರಿಯ ಬಾಯ್ಲರ್ ಹಚ್ಚಿದ್ದಾಯಿತು. ಆವಿ ಏರಲು ಇನ್ನೂ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಹೆಂಡತಿಗೆ ಟೀ — ಸಣ್ಣ ಲೋಟದಲ್ಲಿ ಅರ್ಧ, ಅದಕ್ಕಿಂತ ಒಂದು ಗುಟುಕೂ ಹೆಚ್ಚು ಕುಡಿಯುವಂತಿಲ್ಲ, ಡಾಕ್ಟರ ಕಟ್ಟಪ್ಪಣೆ. ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ತರುವಾಗ ದಾರಿಯಲ್ಲಿ ನಾನೇ ಕುಡಿದುಬಿಟ್ಟೆನೇನೋ ಎಂಬ ಅನುಮಾನ.

ಇಂದು ಮಷೀನಿನ ದಿನ. ಮಂಗಳ, ಗುರು, ಶನಿ. ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಂಡು ಬಂದರೆ ಹಿಂಡಿದ ಬಟ್ಟೆಯ ಹಾಗೆ ಬಿದ್ದುಕೊಳ್ಳುತ್ತಾಳೆ. ಸೂಜಿ ಚುಚ್ಚಲೆಂದು ತೋಳಿನಲ್ಲಿ ಮಾಡಿದ್ದ ದಾರಿ ಎರಡನೇ ಸಲವೂ ಕಟ್ಟಿಕೊಂಡಿದೆ. ಈಗ ಕುತ್ತಿಗೆಯ ಹತ್ತಿರ ಪೈಪು. ಹೋದ ವಾರ ಡಾಕ್ಟರಮ್ಮ ನನ್ನನ್ನು ಕಾರಿಡಾರಿಗೆ ಕರೆದರು. "ದಾರಿಗಳು ಮುಗೀತಾ ಬಂದಿವೆ. ಮಷೀನನ್ನೇ ನಂಬ್ಕೊಂಡು ಬಹಳ ದಿನ ತಳ್ಳೋಕಾಗಲ್ಲ. ಕಿಡ್ನಿ ಹುಡುಕಿ."

ಹುಡುಕುವುದೇನು. ನನ್ನ ಹತ್ತಿರ ಎರಡಿವೆ.

ಮಾರ್ಚ್ 6, ಗುರುವಾರ

ನನ್ನ ರಕ್ತ ಕೊಟ್ಟು ಬಂದೆ. ಗ್ರೂಪ್ ಹೊಂದುತ್ತದಾ ನೋಡುತ್ತಾರಂತೆ. ಅದನ್ನು ನೋಡುವುದೇನಿದೆ — ಇಪ್ಪತ್ತಾರು ವರ್ಷದಿಂದ ಗೊತ್ತು.

ಮೊದಲ ಹೆರಿಗೆ. ಚಿಕ್ಕ ಆಸ್ಪತ್ರೆ, ಅಲ್ಲಿ ರಕ್ತದ ದಾಸ್ತಾನು ಇರಲಿಲ್ಲ. ಇವಳಿಗೆ ರಕ್ತ ನಿಲ್ಲಲೇ ಇಲ್ಲ. ನನ್ನನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿ ಒಂದು ಬಾಟಲಿ ಎಳೆದು, ಇನ್ನೂ ಬೆಚ್ಚಗಿರುವಾಗಲೇ ಇವಳಿಗೆ ಹಾಕಿದರು. ಉಳಿದಳು. ಅಂದಿನಿಂದ ಜಗಳ ಬಂದಾಗಲೆಲ್ಲ ನನ್ನದು ಒಂದೇ ಮಾತು: "ನಿನ್ನ ಮೈಯಲ್ಲಿ ಓಡ್ತಿರೋದು ನನ್ನ ರಕ್ತ ಕಣೇ." ಅವಳದೂ ಒಂದೇ: "ಅದಕ್ಕೇ ನಂಗಿಷ್ಟು ಕೋಪ ಬರೋದು."

ಮಗು ಉಳಿಯಲಿಲ್ಲ. ಗಂಡು.

ನಾನು ಎದ್ದು ಕೂರಲು ಹೋಗಿ ತಲೆ ಸುತ್ತಿ ಬಿದ್ದೆ. ಸಕ್ಕರೆ ಹಾಕಿದ ಟೀ ಕುಡಿಸಿ ಮತ್ತೆ ಮಲಗಿಸಿದರು. ಏಳುವಷ್ಟರಲ್ಲಿ ಹಿರಿಯರು ಸೇರಿ ಎಲ್ಲ ಮುಗಿಸಿದ್ದರು. ನೋಡಲಿಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆ... ಬರೆಯಲು ಹೊರಟಿದ್ದು ರಕ್ತದ ಗ್ರೂಪಿನ ವಿಷಯ.

ಮಾರ್ಚ್ 15, ಶನಿವಾರ. ಅಂಗಡಿಯಲ್ಲಿ

ಗ್ರೂಪ್ ಒಂದೇ. ನನ್ನ ಸ್ಕ್ಯಾನ್, ಎದೆ, ಬಿಪಿ ಎಲ್ಲ ಚೆನ್ನಾಗಿದೆ. ಇನ್ನೊಂದೇ ಟೆಸ್ಟ್ ಬಾಕಿ, ಕ್ರಾಸ್‌ಮ್ಯಾಚ್ ಅಂತೆ. ಈ ವಯಸ್ಸಿನಲ್ಲಿ ಇಷ್ಟು ಒಳ್ಳೆಯ ಕಿಡ್ನಿ ಅಪರೂಪ ಎಂದರು ಸ್ಕ್ಯಾನ್ ಮಾಡುವವರು. ಮನೆಗೆ ಬಂದು ಇವಳ ಮುಂದೆ ಸ್ವಲ್ಪ ಬೀಗಿದೆ. "ಕಿಡ್ನಿ ಚೆನ್ನಾಗಿರಬಹುದು, ಕಿವಿಯಂತೂ ಇಸ್ತ್ರಿ ಆಗಿಲ್ಲ" ಎಂದಳು. ನನ್ನ ಎಡಗಿವಿ ಮೇಲ್ಭಾಗದಲ್ಲಿ ಹುಟ್ಟಿನಿಂದಲೇ ಮಡಿಚಿಕೊಂಡಿದೆ. ಮದುವೆಯಾದ ಹೊಸದರಲ್ಲಿ ಶುರುವಾದ ತಮಾಷೆ, ಇನ್ನೂ ಹಳತಾಗಿಲ್ಲ ಅವಳಿಗೆ.

ಅಂಗಡಿಯಲ್ಲಿ ಒಂದು ಅವಾಂತರ. ತಿಳಿ ಬಣ್ಣದ ಸೂಟು, ಬಂದಾಗ ಒಂದು ಕಲೆಯೂ ಇರಲಿಲ್ಲ. ಡ್ರೈಕ್ಲೀನ್ ಆಗಿ ಬಂದಾಗಲೂ ಇರಲಿಲ್ಲ. ಆವಿ ಮಾಮ ಪ್ರೆಸ್ ಇಳಿಸಿ ಎತ್ತಿದರೆ ಎದೆಯ ಮೇಲೆ ಅಂಗೈಯಗಲ ಕಂದು. ಯಾವಾಗಲೋ ಚೆಲ್ಲಿದ ಸಕ್ಕರೆ ಪಾನೀಯ. ಒಣಗಿದರೆ ಕಾಣುವುದಿಲ್ಲ, ಡ್ರೈಕ್ಲೀನಿನ ಸಾಲ್ವೆಂಟಿಗೆ ಬಿಡುವುದಿಲ್ಲ, ಬಿಸಿ ತಾಗಿದ ಕೂಡಲೇ ಎದ್ದು ಕೂರುತ್ತದೆ. ಸೂಟಿನವರು ನಮ್ಮ ಪ್ರೆಸ್ ಸುಟ್ಟಿತು ಎಂದು ಕೂಗಾಡಿ ಹೋದರು. ಆವಿ ಮಾಮನಿಗೆ ಬೇಜಾರು. ಪ್ರೆಸ್ ನಡೆಸುವ ಅವರಿಗೆ ಆ ಹೆಸರಿಟ್ಟದ್ದು ನನ್ನ ಮಗಳು, ಅವಳಿಗೆ ಮಾತು ಬಂದ ಹೊಸದರಲ್ಲಿ.

ಮಗಳನ್ನು ನಾವು ಕರೆಯುವುದು 'ನಾಲ್ಕು' ಎಂದು. ಮನೆಯ ಬಟ್ಟೆಯೂ ಗಿರಾಕಿಗಳ ಬಟ್ಟೆಯ ಜೊತೆಗೇ ಒಗೆಯುವುದರಿಂದ ಕಾಲರಿನ ಒಳಗೆ ಕೆಂಪು ದಾರದ ಗುರುತು ಹಾಕುತ್ತಾಳೆ ಇವಳು. ನನ್ನದಕ್ಕೆ ಒಂದು ಹೊಲಿಗೆ, ಅವಳದಕ್ಕೆ ಎರಡು, ಮಗಳದಕ್ಕೆ ನಾಲ್ಕು. "ಇರೋದು ಮೂರು ಜನ, ನಾನ್ಯಾಕಮ್ಮ ನಾಲ್ಕು?" ಎಂದು ಮಗಳು ಚಿಕ್ಕಂದಿನಲ್ಲಿ ತಲೆ ತಿನ್ನುತ್ತಿದ್ದಳು. "ಮೂರು ಹೊಲಿಗೆ ನಿಲ್ಲಲ್ಲ, ಬಿಚ್ಚಿಕೊಳ್ಳತ್ತೆ" ಎನ್ನುತ್ತಿದ್ದಳು ಇವಳು. ಹೆಸರು ಹಾಗೇ ಅಂಟಿಕೊಂಡಿತು. ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಇಪ್ಪತ್ನಾಲ್ಕರ ಹುಡುಗಿ, ಬೀದಿಯಲ್ಲಿ ಹಾಗೆ ಕರೆದರೆ ಮುಖ ಗಂಟಿಕ್ಕುತ್ತಾಳೆ.

ಮಾರ್ಚ್ 24, ಸೋಮವಾರ

ಆಗುವುದಿಲ್ಲವಂತೆ.

ಸರಿಯಾಗಿ ಬರೆಯಬೇಕು, ನಾಳೆ ಮಗಳಿಗೆ ವಿವರಿಸಬೇಕಲ್ಲ. ನನ್ನ ರಕ್ತದ ಬಿಳಿ ಕಣಗಳನ್ನು ಇವಳ ರಕ್ತದ ತಿಳಿಯಲ್ಲಿ ಹಾಕಿ ನೋಡಿದರಂತೆ. ಏನೂ ಆಗದಿದ್ದರೆ ಒಳ್ಳೆಯದು.

"ಏನಾಯ್ತು?" ಎಂದೆ.

"ನಿಮ್ಮ ಕಣಗಳು ಸತ್ತುಹೋದ್ವು" ಎಂದರು ಡಾಕ್ಟರಮ್ಮ.

"ಎಲ್ಲಾನೂ?"

"ಹೆಚ್ಚು ಕಡಿಮೆ."

ಇವಳು ಪಕ್ಕದ ಕುರ್ಚಿಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಕೂತಿದ್ದಳು.

ಮೈ ಎನ್ನುವುದು ತನ್ನದು ಯಾವುದು, ಹೊರಗಿನದು ಯಾವುದು ಎಂದು ನೋಡುತ್ತಲೇ ಇರುತ್ತದಂತೆ. ಬೇರೆಯವರ ಕಿಡ್ನಿ ಹಾಕಿದರೆ ಯಾರ ಮೈಯಾದರೂ ಕೊಸರುತ್ತದೆ, ಅದನ್ನು ಮಾತ್ರೆಯಿಂದ ಸುಮ್ಮನಿರಿಸಬಹುದು. ಇವಳದು ಹಾಗಲ್ಲ. "ಇವರ ಮೈ ನಿಮ್ಮನ್ನ ಮೊದಲೇ ನೋಡಿದೆ. ಮಗು ಅಂದ್ರೆ ಅರ್ಧ ತಾಯಿ, ಅರ್ಧ ತಂದೆ. ಹೆರಿಗೆ ಹೊತ್ತಲ್ಲಿ ಮಗುವಿನ ರಕ್ತ ಒಂದಿಷ್ಟು ತಾಯಿಗೆ ಸೇರತ್ತೆ. ಆಗ ತಂದೆಯ ಆ ಅರ್ಧ ಇವರ ಮೈಗೆ ಹೊಸಬ. ಅದರ ವಿರುದ್ಧ ಆಂಟಿಬಾಡಿ ಮಾಡ್ಕೊಳ್ಳತ್ತೆ, ಮಾಡೋದು ಹೇಗೆ ಅಂತ ನೆನಪೂ ಇಟ್ಕೊಳ್ಳತ್ತೆ. ಎಷ್ಟು ಹೆರಿಗೆ ಆಗಿದೆ?"

ಇವಳು "ಎರಡು" ಎಂದಳು.

"ಯಾವಾಗ್ಲಾದ್ರೂ ರಕ್ತ ಹಾಕಿಸ್ಕೊಂಡಿದ್ರಾ?"

ಇದಕ್ಕೆ ಉತ್ತರ ಕೊಡಲು ಮಾತ್ರ ನಾನು ಮುಂದು. ಎದೆ ಸೆಟೆಸಿ "ನಂದೇ" ಎಂದೆ. "ಮೊದಲನೇ ಹೆರಿಗೇಲಿ. ಬಿಸಿ ಬಿಸಿ."

ಡಾಕ್ಟರಮ್ಮ ಬರೆಯುವುದು ನಿಲ್ಲಿಸಿದರು. ಹೆರುವ ವಯಸ್ಸಿನ ಹೆಂಗಸಿಗೆ ಗಂಡನ ರಕ್ತವನ್ನು ಈಗ ಹಾಕುವುದಿಲ್ಲವಂತೆ, ಇದೇ ಕಾರಣಕ್ಕೆ. ಮಗು ಕಲಿಸಿದ ಪಾಠವನ್ನು ನಾನು ಅದೇ ದಿನ ಇನ್ನೊಮ್ಮೆ ಹೇಳಿಕೊಟ್ಟ ಹಾಗಾಯಿತು. ನನ್ನ ಮುಖ ನೋಡಿ ಅವರೇ ಹೇಳಿದರು: "ಅವತ್ತು ನೀವು ಕೊಡದೇ ಇದ್ದಿದ್ರೆ ಇವರು ಇವತ್ತು ಇಲ್ಲಿ ಕೂತಿರ್ತಿರಲಿಲ್ಲ. ಅದನ್ನ ಮರೀಬೇಡಿ."



ಮಾರ್ಚ್ 25, ಮಂಗಳವಾರ

ಮನಸ್ಸಿಗೆ ಬಹಳ ಹತ್ತಿದೆ. ನಗಬೇಕಾದ ವಿಷಯ ಎಂದು ಗೊತ್ತಿದ್ದೂ ನಗು ಬರುತ್ತಿಲ್ಲ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ. ನನ್ನನ್ನು ಇವಳ ರಕ್ತದ ಒಂದು ಹನಿ ತಿಳಿಯಲ್ಲಿ ಹಾಕಿದರೆ ಸಾಯುತ್ತೇನೆ.

ಬೆಳಿಗ್ಗೆ ಟೀ ಕೊಟ್ಟು ಮಾತಾಡದೆ ಹೊರಟೆ. "ರೀ, ನಾನೇನು ಬೇಕು ಅಂತ ಮಾಡಿದ್ನಾ?" ಎಂದಳು. "ನಾನೇನಾದ್ರೂ ಅಂದ್ನಾ?" ಎಂದೆ. ಮಗಳು ಬೂಟು ಹಾಕಿಕೊಳ್ಳುತ್ತಾ ಬಾಗಿಲಲ್ಲೇ ಹೇಳಿದಳು: "ಅಪ್ಪಾ, ಮುನಿಸಿಕೊಳ್ಳೋದಾದ್ರೆ ಅಮ್ಮನ ಪ್ಲಾಸ್ಮಾ ಮೇಲೆ ಮುನಿಸ್ಕೋ. ಅಮ್ಮನ ಮೇಲೆ ಬೇಡ. ನಂದು ಟೆಸ್ಟ್ ಮಾಡ್ಸು, ನಾನು ಕೊಡ್ತೀನಿ."

ಇವಳು ಲೋಟ ಕೆಳಗಿಟ್ಟಳು. "ನಿಂದು ಬೇಡ."

ಏಪ್ರಿಲ್ 9, ಬುಧವಾರ

ಮಗಳು ಅಮ್ಮನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಹೋಗಿ ಟೆಸ್ಟ್ ಮಾಡಿಸಿದಳು. ಅವಳದೂ ಅದೇ ಕಥೆ. ಅವಳಲ್ಲಿರುವ ನನ್ನ ಅರ್ಧವೇ ಅಡ್ಡ. ಮಗಳು ಅತ್ತಳು, ಇವಳಿಗೆ ಒಳಗೊಳಗೇ ನಿರಾಳ. ಮಗಳ ಹೊಟ್ಟೆಗೆ ಕತ್ತರಿ ಹಾಕಿಸುವ ಮಾತು ತಪ್ಪಿತಲ್ಲ.

ಇವಳಿಗೆ ಒಡಹುಟ್ಟಿದವರಿಲ್ಲ. ತೀರಿಹೋದವರ ಕಿಡ್ನಿಗಾಗಿ ಹೆಸರು ಬರೆಸಿದ್ದೇವೆ. ಸಾಲು ಉದ್ದ. ಇವಳ ರಕ್ತದಲ್ಲಿರುವುದು ನನ್ನ ಒಬ್ಬನ ವಿರುದ್ಧ ಮಾತ್ರ ಅಲ್ಲವಂತೆ, ನನ್ನ ಹಾಗೆ ಗುರುತಿರುವ ಎಲ್ಲರಿಗೂ ಬಾಗಿಲು ಮುಚ್ಚಿದೆ. ಅಂಥವರು ಬಹಳ ಜನ. ನಾನು ಅಷ್ಟೊಂದು ಸಾಮಾನ್ಯ ಮನುಷ್ಯ ಎಂದು ಗೊತ್ತಿರಲಿಲ್ಲ.

ಏಪ್ರಿಲ್ 19, ಶನಿವಾರ

ಪೈಪಿಗೆ ಸೋಂಕು. ಚಳಿ, ಜ್ವರ. ಮಷೀನಿನ ಮೇಲಿದ್ದಾಗಲೇ ಹಲ್ಲು ಕಟಕಟ. ಆ ಪೈಪು ತೆಗೆದು ಇನ್ನೊಂದು ಕಡೆ ಹಾಕಿದರು. ಉಳಿದಿರುವ ಜಾಗ ಎಷ್ಟು ಎಂದು ಕೇಳಲು ಬಾಯಿ ಬರಲಿಲ್ಲ.

ಮೇ 2, ಶುಕ್ರವಾರ

ಒಂದು ದಾರಿ ಇದೆಯಂತೆ. ಸುಲಭದ್ದಲ್ಲ.

ಇವಳ ರಕ್ತವನ್ನು ಹೊರಗೆ ತೆಗೆದು, ಆ ತಿಳಿಯನ್ನು ಬೇರ್ಪಡಿಸಿ ಬಿಸಾಡಿ, ಬೇರೆ ತಿಳಿ ಸೇರಿಸಿ ವಾಪಸ್ ಹಾಕುವುದು. ಹಲವು ಸಲ. ನನ್ನ ವಿರುದ್ಧದ ಆಂಟಿಬಾಡಿ ಸಾಕಷ್ಟು ಇಳಿದ ಮೇಲೆ ನನ್ನ ಕಿಡ್ನಿಯನ್ನೇ ಹಾಕುವುದು. "ಅಂದ್ರೆ ರಕ್ತ ಒಗೆಯೋದು" ಎಂದೆ. ಡಾಕ್ಟರಮ್ಮ ನಕ್ಕರು. "ನಿಮ್ಮ ಕಸುಬೇ ಅನ್ಕೊಳ್ಳಿ."

ನನಗೆ ಕೂತಲ್ಲೇ ಕಾಲು ಕುಣಿಯಿತು. ಇವಳು ಮೆಲ್ಲಗೆ ಕೇಳಿದಳು: "ಡಾಕ್ಟ್ರೇ, ತೊಳೆದ್ರೆ ಎಲ್ಲಾ ಹೋಗ್ಬಿಡತ್ತಾ? ಮೊದಲನೇ ಹೆರಿಗೇದೂ?"

"ಇಲ್ಲಮ್ಮ, ಅದೇ ನಮ್ಮ ಭಯ. ರಕ್ತದಲ್ಲಿ ಓಡಾಡ್ತಿರೋದನ್ನ ತೊಳೀಬಹುದು. ಅದನ್ನ ಮಾಡೋಕೆ ಕಲಿತ ಕಣಗಳು ಮೂಳೆಯ ಒಳಗೆ ಅಡಗಿ ಕೂತಿರ್ತವೆ. ಎಷ್ಟೋ ವರ್ಷ. ಯಾವ ಔಷಧಿಗೂ ಪೂರ್ತಿ ಸಿಗಲ್ಲ. ಕಿಡ್ನಿ ಹಾಕಿದ್ಮೇಲೆ ಅವು ಎದ್ವು ಅಂದ್ರೆ ಕಷ್ಟ."

ಇವಳ ಮುಖ ಹಗುರಾಯಿತು. ನೋಡಿದೆ, ಸ್ಪಷ್ಟವಾಗಿ ನೋಡಿದೆ. ಡಾಕ್ಟರಮ್ಮ ಭಯದ ಮಾತು ಹೇಳುತ್ತಿದ್ದಾರೆ, ಇವಳು ಉಸಿರು ಬಿಡುತ್ತಿದ್ದಾಳೆ. ಅರ್ಥವಾಗಲಿಲ್ಲ.

ಮೇ 5, ಸೋಮವಾರ. ಮಧ್ಯಾಹ್ನ

ಅರ್ಥವಾಯಿತು.

ಆಸ್ಪತ್ರೆಗೆ ಒಯ್ಯುವ ಬಟ್ಟೆಗೆ ಗುರುತು ಹಾಕುತ್ತಿದ್ದೆವು, ಕೌಂಟರಿನ ಹಿಂದೆ ಕೂತು. ಅವಳ ಕೈ ನಡುಗುತ್ತದೆ, ಸೂಜಿ ನಾನು ಹಿಡಿದಿದ್ದೆ. ಅವಳ ಗೌನುಗಳಿಗೆ ಎರಡೆರಡು ಹಾಕಿದೆ. ಮಗಳ ಹೊದಿಕೆ ಬಂತು. ದಾರ ಗಿಡ್ಡವಾಗಿತ್ತು. "ಇದಕ್ಕೆ ಮೂರೇ ಹಾಕಿ ಮುಗಿಸ್ತೀನಿ, ಇನ್ನೊಂದು ದಾರ ಯಾರು ಪೋಣಿಸ್ತಾರೆ" ಎಂದೆ.

"ಮೂರು ಬೇಡ."

"ಬಿಚ್ಚಿಕೊಳ್ಳಲ್ಲ ಬಿಡು, ಗಂಟು ಹಾಕ್ತೀನಿ."

"ಮೂರು ಬೇಡ ಅಂದ್ನಲ್ಲ. ಅದು ಅವನದು."

ಯಾರದು ಎಂದು ಕೇಳಬೇಕಾಗಿರಲಿಲ್ಲ. ಪ್ರೆಸ್ಸಿನ ಸದ್ದು ನಿಂತಿತು, ಆವಿ ಮಾಮ ಏನೋ ನೆನಪಾದವರ ಹಾಗೆ ಹಿಂದಿನ ಬಾಗಿಲಿಂದ ಹೊರಗೆ ಹೋದರು.

ಒಂದು ನಾನು, ಎರಡು ಅವಳು, ನಾಲ್ಕು ಮಗಳು. ಇಷ್ಟು ವರ್ಷ ಪ್ರತಿ ದಿನ ಆ ಕಾಲರುಗಳನ್ನು ತಿರುಗಿಸಿ ನೋಡಿದ್ದೇನೆ. ಮೂರು ಹೊಲಿಗೆ ನಿಲ್ಲುವುದಿಲ್ಲ ಎಂಬ ಮಾತನ್ನು ನಂಬಿದ್ದೇನೆ — ದಾರ, ಬಟ್ಟೆ ಇದರಲ್ಲೇ ಹೊಟ್ಟೆ ಹೊರೆಯುವ ನಾನು.

ನಾವು ಅವನ ಬಗ್ಗೆ ಒಂದು ದಿನವೂ ಮಾತಾಡಿಲ್ಲ. ಕೇಳಿದರೆ ಅವಳಿಗೆ ನೋವಾಗುತ್ತದೆ ಎಂದು ನಾನು. ಹೇಳಿದರೆ ನನಗೆ ನೋವಾಗುತ್ತದೆ ಎಂದು ಅವಳು, ಬಹುಶಃ. ಇಂದು ಇಷ್ಟು ಹೇಳಿದಳು: "ಎಲ್ಲೂ ಏನೂ ಉಳಿದಿಲ್ಲ ಅವನದು. ಒಂದು ಬಟ್ಟೆ ಇಲ್ಲ, ಹೆಸರಿಲ್ಲ. ಆವತ್ತು ಡಾಕ್ಟ್ರು ಹೇಳಿದಾಗ್ಲೇ ಗೊತ್ತಾಗಿದ್ದು ನಂಗೆ, ನನ್ನ ರಕ್ತದಲ್ಲಿ ಅವನ ಗುರುತು ಇನ್ನೂ ಇದೆ ಅಂತ. ಎರಡು ತಿಂಗಳೂ ಆಗಿಲ್ಲ, ತೊಳೆದುಬಿಡೋಣ ಅಂತಾರೆ."

ಆ ಗುರುತೇ ನಿನ್ನನ್ನು ಸಾಯಿಸುತ್ತಿದೆ ಎನ್ನಲೇ. ಹೇಳಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿದೆ: ಮೂಳೆಯೊಳಗಿರುವುದು ಹೋಗುವುದಿಲ್ಲವಂತೆ ಕಣೇ.

"ಹಾಗಾದ್ರೆ ಸರಿ" ಎಂದಳು. "ತೊಳೀಲಿ."

ಹೊದಿಕೆಗೆ ಹೊಸ ದಾರ ಪೋಣಿಸಿ ನಾಲ್ಕು ಹಾಕಿದೆ.

ಜೂನ್ 3, ಮಂಗಳವಾರ

ಮೊದಲ ಒಗೆತ. ಬಿಸಾಡುವ ಚೀಲದಲ್ಲಿ ಹಳದಿ ತಿಳಿ ತುಂಬುತ್ತಾ ಹೋಯಿತು. ನೋಡಿದರೆ ಏನೂ ಇಲ್ಲದ ನೀರು. ಇವಳು ಕಣ್ಣು ಅದರಿಂದ ಕೀಳಲಿಲ್ಲ. ಅಂಗಡಿಯಲ್ಲಾಗಿದ್ದರೆ ಇಷ್ಟು ನಿಧಾನಕ್ಕೆ ಗಿರಾಕಿ ಓಡಿಹೋಗುತ್ತಿದ್ದರು ಎಂದು ತಮಾಷೆ ಮಾಡಿದೆ. ನರ್ಸ್ ನಕ್ಕಳು, ಇವಳು ನಗಲಿಲ್ಲ.

ಜೂನ್ 12, ಗುರುವಾರ

ಇಳಿಯುತ್ತಿದೆ. ಇವಳಿಗೆ ಸುಸ್ತು, ತುಟಿ ಮರಗಟ್ಟುತ್ತದೆ, ಕಾಲು ಸೆಳೆಯುತ್ತದೆ. ಆಂಟಿಬಾಡಿಯ ಲೆಕ್ಕ ಮಾತ್ರ ಇಳಿಯುತ್ತಿದೆ. ಡಾಕ್ಟರಮ್ಮ ಮೊದಲ ಸಲ ಬಾಯ್ತುಂಬಾ ಮಾತಾಡಿದರು. ಮಂಗಳವಾರ ಆಪರೇಷನ್.

ಜೂನ್ 16, ಸೋಮವಾರ. ಆಸ್ಪತ್ರೆ

ನನಗೂ ಒಂದು ಮಂಚ. ಆವಿ ಮಾಮನಿಗೆ ಅಂಗಡಿಯ ಬೀಗದಕೈ ಕೊಟ್ಟು ಬಂದೆ. "ಎರಡು ದುಡಿಯೋ ಕಡೆ ಒಂದು ದುಡಿದ್ರೆ ಸಾಕಾಗತ್ತಾ?" ಎಂದು ಕೇಳಿದರು. "ನೀವೊಬ್ರೇ ಇಬ್ಬರ ಕೆಲಸ ಮಾಡಲ್ವಾ" ಎಂದೆ. ಸಂಬಳದ ಮಾತು ಎತ್ತದೆ ಹೋದರು, ಪುಣ್ಯಾತ್ಮ.

ಭಯವಿದೆ. ಕತ್ತರಿಗಲ್ಲ. ಅವಳ ಮೈ ನನ್ನನ್ನು ಏನೆನ್ನುತ್ತದೋ ಎಂದು. ಹೆಣ್ಣು ನೋಡಲು ಹೋದ ದಿನವೂ ಇಷ್ಟು ಭಯವಿರಲಿಲ್ಲ.

ಜೂನ್ 21, ಶನಿವಾರ

ನಾಲ್ಕು ದಿನ ಬರೆಯಲಾಗಲಿಲ್ಲ. ಕೆಮ್ಮಿದರೆ ಪ್ರಾಣ ಹೋಗುತ್ತದೆ, ಮಗಳು ನಗಿಸಿದರೆ ಅವಳಿಗೆ ಬೈಗುಳ.

ಕಿಡ್ನಿ ಕೆಲಸ ಮಾಡುತ್ತಿದೆ. ಟೇಬಲ್ಲಿನ ಮೇಲೇ ಶುರುವಾಯಿತಂತೆ. ಚೀಲದಲ್ಲಿ ಮೂತ್ರ — ಎರಡು ವರ್ಷದಿಂದ ಹನಿ ಕಾಣದಿದ್ದವಳು — ತುಂಬಿ ತುಂಬಿ ಬರುತ್ತಿದೆ. ಮಗಳು ಅದರ ಫೋಟೋ ತೆಗೆದು ನನ್ನ ಮಂಚಕ್ಕೆ ತಂದು ತೋರಿಸಿದಳು. ನೋಡಿ ಅತ್ತೆ. ಉಚ್ಚೆಯ ಫೋಟೋ ನೋಡಿ ಅತ್ತವನು ಈ ವಾರ್ಡಿನಲ್ಲಿ ನಾನೊಬ್ಬನೇ ಇರಲಿಕ್ಕಿಲ್ಲ.

ಗೋಡೆ ಹಿಡಿದು ಅವಳ ಕೋಣೆಯ ಗಾಜಿನ ತನಕ ಹೋದೆ. ನನ್ನನ್ನು ನೋಡಿ ಲೋಟ ಎತ್ತಿ ತೋರಿಸಿದಳು. ನೀರು, ಕಂಠಮಟ್ಟ. ಒಂದೇ ಉಸಿರಿಗೆ ಕುಡಿದಳು, ನನ್ನನ್ನೇ ನೋಡುತ್ತಾ.

ಜೂನ್ 27, ಶುಕ್ರವಾರ

ನಾನು ಮನೆಯಲ್ಲಿ. ಭಾರ ಎತ್ತಕೂಡದು. ಆವಿ ಮಾಮ ಒಂದು ಹ್ಯಾಂಗರ್ ಮುಟ್ಟಲೂ ಬಿಡುವುದಿಲ್ಲ.

ಸಂಜೆ ಅವಳ ಹತ್ತಿರ. ಮುಖಕ್ಕೆ ಬಣ್ಣ ಬಂದಿದೆ. ಹೊಟ್ಟೆಯ ಬಲಕ್ಕೆ ಕೆಳಗೆ, ನನ್ನ ಕಿಡ್ನಿ ಕೂರಿಸಿದಲ್ಲಿ ಕೈಯಿಟ್ಟುಕೊಂಡು ಅದರ ಜೊತೆ ಮಾತಾಡುತ್ತಾಳೆ, ಅದೂ ಬಹುವಚನದಲ್ಲಿ. "ರೀ, ಸ್ವಲ್ಪ ಸುಮ್ನಿರಿ, ಊಟ ಮಾಡ್ತಿದೀನಿ." ಅದಕ್ಕೆ ಹೇಳಿದ್ದಾ, ನನಗಾ ಎಂದು ಕೇಳಿದೆ. "ಒಬ್ರಿಗೆ ಹೇಳಿದ್ರೆ ಇಬ್ರಿಗೂ ಗೊತ್ತಾಗಬೇಕು ಇನ್ಮೇಲೆ" ಎಂದಳು.

ಬಹಳ ವರ್ಷದ ಮೇಲೆ ಇಷ್ಟು ಸಂತೋಷವಾಗಿದ್ದೇನೆ. ಬರೆದಿಡುತ್ತೇನೆ.

ಜೂನ್ 29, ಭಾನುವಾರ

ಚೀಲದಲ್ಲಿ ಕಡಿಮೆ. ನರ್ಸ್ ಪೈಪು ಮಡಿಚಿದೆಯೇನೋ ಎಂದು ನೋಡಿದಳು. ಮಡಿಚಿಲ್ಲ.

ಜುಲೈ 1, ಮಂಗಳವಾರ

ಹೊಟ್ಟೆಯ ಆ ಜಾಗ ಮುಟ್ಟಿದರೆ ನೋವು. ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಿದರು. ಡಾಕ್ಟರಮ್ಮ ನನ್ನನ್ನು ಕೂರಿಸಿ ಹೇಳಿದರು. "ಹಳೇ ನೆನಪು ಎದ್ದಿದೆ. ನಿಮ್ಮ ಕಿಡ್ನಿ ಕಂಡ ಕೂಡ್ಲೇ ಆ ಕಣಗಳು ಒಂದೇ ಸಲಕ್ಕೆ ಆಂಟಿಬಾಡಿ ಸುರೀತಿವೆ. ಮೊದಲಿಗಿಂತ ಜಾಸ್ತಿ. ಕಿಡ್ನಿಯ ಸಣ್ಣ ರಕ್ತನಾಳಗಳಿಗೆ ಅಂಟ್ಕೊಂಡು ಅವನ್ನ ಮುಚ್ತಿವೆ."

ಆ ತಿಳಿ ಬಣ್ಣದ ಸೂಟು ನೆನಪಾಯಿತು. ತೊಳೆದಾಗ ಇರಲಿಲ್ಲ, ಬಿಸಿ ತಾಗಿದಾಗ ಎದ್ದಿತು.

ಮತ್ತೆ ತೊಳೆಯುತ್ತಾರಂತೆ. ದಿನ ಬಿಟ್ಟು ದಿನ. ಸ್ಟೀರಾಯ್ಡ್, ಇನ್ನೇನೇನೋ. ನಾಳೆಯಿಂದ.

ಜುಲೈ 5, ಶನಿವಾರ

ಚೀಲದ ತಳದಲ್ಲಿ ಒಂದು ಬೆರಳಷ್ಟು. ಕೆಂಪು.

ಜುಲೈ 9, ಬುಧವಾರ

ಆಗಲಿಲ್ಲ. ಇಂದಿನಿಂದ ಮತ್ತೆ ಮಷೀನು.

ಬೆಳಿಗ್ಗೆ ಅವಳಿಗೆ ಹೇಳಿದರು. ನಾನು ಹೋಗುವಷ್ಟರಲ್ಲಿ ಅತ್ತು ಮುಗಿಸಿದ್ದಳು. "ನಿಮ್ಮದನ್ನ ಹಾಳು ಮಾಡ್ಬಿಟ್ಟೆ" ಎಂದಳು. "ಎಷ್ಟು ಚೆನ್ನಾಗಿತ್ತು ಅಂದಿದ್ರಲ್ಲ ಆ ಸ್ಕ್ಯಾನ್‌ನವರು. ಕೊಟ್ಟಿದ್ದನ್ನ ಇಟ್ಕೊಳ್ಳೋಕೂ ಬರ್ಲಿಲ್ಲ ನಂಗೆ."

ಹೊರಗೆ ಹಾಕಿದ್ದು ನೀನಲ್ಲ ಎಂದೆ.

"ನಾನಲ್ಲ ಅಂದ್ರೆ ಯಾರು?" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ: "ಬೈಬೇಡಿ, ಒಂದು ಹೇಳ್ತೀನಿ. ಅವನು ಹೋಗಿಲ್ಲ ನೋಡಿ. ಅಷ್ಟು ತೊಳೆದ್ರೂ."

ಬಯ್ಯಲಿಲ್ಲ. ಎದ್ದು ಬಂದೆ. ಸಿಟ್ಟು ಬಂದಿತ್ತು — ಅವಳ ಮೇಲಲ್ಲ, ಉಸಿರಾಡದೆ ಹೋದ ಆ ಮಗುವಿನ ಮೇಲೆ. ಇದ್ದೊಬ್ಬ ತಾಯಿಯನ್ನು ನಮ್ಮ ಕೈಯಿಂದ ಕಿತ್ತುಕೊಳ್ಳುತ್ತಿದ್ದಾನೆ ಎಂದು. ಬರೆಯಲು ನಾಚಿಕೆಯಾಗುತ್ತದೆ. ಆದರೆ ಬಂತು. ಅಂಗಡಿಗೆ ಹೋಗಿ, ಎತ್ತಕೂಡದ ಮೂಟೆ ಎತ್ತಲು ಹೋಗಿ ಹೊಲಿಗೆಯ ಜಾಗ ಹಿಡಿದುಕೊಂಡು ನೆಲದ ಮೇಲೆ ಕೂತೆ. ಆವಿ ಮಾಮ ಬಂದು ಪಕ್ಕದಲ್ಲಿ ಕೂತರು. ಬಾಯ್ಲರ್ ಆರುವ ತನಕ ಹಾಗೇ ಕೂತಿದ್ದೆವು.

ಜುಲೈ 11, ಶುಕ್ರವಾರ

ಕಿಡ್ನಿ ತೆಗೆದುಬಿಡಬೇಕಂತೆ. ಒಳಗಿದ್ದರೆ ಜ್ವರ, ನೋವು, ಅಪಾಯ. ಸೋಮವಾರ. ಆಪರೇಷನ್ನೂ ಸಣ್ಣದಲ್ಲ, ಇವಳಲ್ಲಿ ಶಕ್ತಿಯಿಲ್ಲ. ಏನಾಗುತ್ತದೆ ಎಂದು ಮಗಳು ನೇರವಾಗಿ ಕೇಳಿದಳು. ಡಾಕ್ಟರಮ್ಮ ಅವಳ ಭುಜದ ಮೇಲೆ ಕೈಯಿಟ್ಟು, "ನಾನಿರ್ತೀನಿ ಒಳಗೆ" ಎಂದರು. ಅಷ್ಟೇ ಹೇಳಿದರು.

ರಾತ್ರಿ ಊಟದ ಹೊತ್ತಿಗೆ ಮಗಳಿಗೆ ಹೇಳಿದೆ, ಅವಳು ನಾಲ್ಕು ಯಾಕೆ ಎಂದು. ತಟ್ಟೆ ಸರಿಸಿ ತನ್ನ ಕಾಲರ್ ತಿರುಗಿಸಿ ನೋಡಿಕೊಂಡಳು. "ಅವನು ಹೇಗಿದ್ನಪ್ಪ?" ಎಂದಳು.

ನನಗೆ ಗೊತ್ತಿಲ್ಲ ಎಂದೆ. ನಾನು ಪಕ್ಕದ ಕೋಣೆಯಲ್ಲಿದ್ದೆ.

"ಅಮ್ಮನ್ನ ಕೇಳಿಲ್ವಾ? ಇಷ್ಟು ವರ್ಷ?"

ಜುಲೈ 13, ಭಾನುವಾರ. ಸಂಜೆ, ಆಸ್ಪತ್ರೆ

ಕೇಳಿದೆ.

ಮಗಳು ಡಾಕ್ಟರಮ್ಮನ ಹತ್ತಿರ ಸಹಿ ಹಾಕಲು ಹೋಗಿದ್ದಳು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಇವಳ ಕೈ ಹಿಡಿದು, ಅವನು ಹೇಗಿದ್ದ ಎಂದೆ. ಬೇರೆ ಯಾವ ಪೀಠಿಕೆಯೂ ತೋಚಲಿಲ್ಲ.

ಕಣ್ಣು ಮುಚ್ಚಿದಳು. ನಿದ್ದೆ ಬಂತೇನೋ ಎಂದುಕೊಂಡೆ. ಆಮೇಲೆ, "ನೀವು ಕೇಳೋದೇ ಇಲ್ಲ ಅನ್ಕೊಂಡಿದ್ದೆ" ಎಂದಳು. "ಒಂದೇ ಒಂದು ಸಲ ತೋರಿಸಿದ್ರು. ನಿಮ್ಮ ರಕ್ತ ಒಳಗೆ ಬರ್ತಾ ಇತ್ತು, ಕೈ ಬಿಸಿ ಆಗ್ತಾ ಇತ್ತು, ಅದಕ್ಕೇ ಕಣ್ಣು ಬಿಟ್ಟು ನೋಡೋಕಾಯ್ತು ನಂಗೆ."

ಅಂದರೆ ಅವನನ್ನು ಅವಳು ನೋಡಿದ್ದು ನನ್ನ ಆ ಬಾಟಲಿ ರಕ್ತದ ದೆಸೆಯಿಂದ.

ಬರೆದುಕೊಳ್ಳಲೇ ಎಂದೆ. ನಾಳೆ ಮರೆತರೆ? ಬರ್ಕೊಳ್ಳಿ, ನಿಧಾನವಾಗಿ ಹೇಳ್ತೀನಿ ಎಂದಳು. ಹೇಳುತ್ತಿದ್ದಾಳೆ. ಈಗ. ಅವಳು ಹೇಳಿದ ಹಾಗೇ ಬರೆಯುತ್ತಿದ್ದೇನೆ.

ತಲೆ ತುಂಬ ಕೂದಲು. ಒದ್ದೆ. ಹಣೆಗೆ ಅಂಟಿತ್ತು.

ಗಲ್ಲ ಅವಳದು. ಮಗಳಿಗೂ ಅದೇ.

ಬೆರಳು ಉದ್ದ. ಉಗುರು ಬೆಳೆದಿತ್ತು, ಕತ್ತರಿಸಬೇಕು ಅನ್ನಿಸಿತಂತೆ.

ಮುಷ್ಟಿ ಕಟ್ಟಿರಲಿಲ್ಲ.

ಎಡಗಿವಿ ಮೇಲೆ ಮಡಿಚಿತ್ತು. "ನಿಮ್ಮದೇ ರೀ. ಇಸ್ತ್ರಿ ಆಗದ್ದು." ನಗುತ್ತಿದ್ದಾಳೆ. ಇಪ್ಪತ್ತಾರು ವರ್ಷದಿಂದ ನನ್ನ ಕಿವಿ ನೋಡಿ ನಗುವಾಗಲೆಲ್ಲ...

ಸ್ವಲ್ಪ ತಾಳು ಎಂದೆ. ಈಗ ಮತ್ತೆ.

ಕಣ್ಣು ಮುಚ್ಚಿತ್ತು. ರೆಪ್ಪೆ ಮಾತ್ರ ಉದ್ದ, ಮಗಳದರ ಹಾಗೆ. ಇನ್ನೂ ಹೇಳುತ್ತಿದ್ದಾಳೆ.